ಹೊರಗಿನ ಗೂಟದ ರೊಟ್ಟಿ ಗಂಟು

ದುರ್ಗವ್ವನ ರೊಟ್ಟಿ ಮಳೆಯಿಂದ ಕೆಟ್ಟವು ಎಂದು ಹಾಸ್ಟೆಲಿನವರು ಹೇಳಿದ್ದು ಸುಳ್ಳು. ಗಂಟನ್ನು ಹೊರಗಿನ ಗೂಟಕ್ಕೆ ಹಾಕಿಸಿದ್ದರು, ಅದಕ್ಕೇ ಕೆಟ್ಟವು. ಮಳೆಯ ತಪ್ಪೇನೂ ಇಲ್ಲ.

ಎಪ್ಪತ್ತೈದನೆಯ ಇಸವಿಯ ಸುಮಾರಿಗೆ ನಾನು ಬಿಜಾಪುರದಲ್ಲಿ, ಸಿದ್ಧೇಶ್ವರ ಗುಡಿಯ ಕಡೆಗಿದ್ದ ಹುಡುಗಿಯರ ಹಾಸ್ಟೆಲೊಂದರಲ್ಲಿ ಅಡುಗೆಗಿದ್ದೆ. ಬೇಳೆ, ಪಲ್ಯ ನನ್ನದು. ರೊಟ್ಟಿ ಮಾತ್ರ ಹುಡುಗಿಯರೇ ಊರಿನಿಂದ ತರಬೇಕು: ಒಣಗಿಸಿದ ಕಟಕ ರೊಟ್ಟಿ, ಬಟ್ಟೆಯಲ್ಲಿ ಗಂಟು ಕಟ್ಟಿ. ಒಳಗಿನ ಕೋಣೆಯಲ್ಲಿ ಸಾಲಾಗಿ ಗೂಟ, ಒಬ್ಬೊಬ್ಬರಿಗೆ ಒಂದೊಂದು.

ಬಬಲೇಶ್ವರದ ದುರ್ಗವ್ವ ಹತ್ತನೆಯ ತರಗತಿಗೆ ಬಂದು ಸೇರಿದಳು. ಊರ ಹೊರಗಿನ ಕೇರಿಯವಳು. ಅವಳ ಗಂಟು ಒಳಗೆ ಬರಕೂಡದೆಂದು ಟಿಕೋಟಾದ ಕಮಲಾ ಹಟ ಹಿಡಿದಳು. ವಾರ್ಡನ್ ಬಾಯಿ ಹೂಂ ಅಂದರು. ಸಂಜೆ ನಾನು ಮನೆಗೆ ಹೋದ ಮೇಲೆ ನಡೆದದ್ದು ಇದು. ಬೆಳಿಗ್ಗೆ ಬಂದರೆ, ಹೊರಗಿನ ಗೂಟದ ಗಂಟಿನಲ್ಲಿ ರೊಟ್ಟಿ ರಾತ್ರಿಯ ಮಳೆಗೆ ನೆನೆದು ಹಿಟ್ಟಾಗಿದ್ದವು. ಹುಡುಗಿ ಟ್ರಂಕಿಗೆ ಬೀಗ ಹಾಕುತ್ತಿದ್ದಳು.

"ಎಲ್ಲಿಗಿ ಹೊಂಟಿ ಬೇ?"

"ಊರಿಗ್ರಿ, ರೊಟ್ಟಿ ತರಾಕ."

"ತಿರಗಿ ಯಾವಾಗ ಬರ್ತಿ?"

ಬೀಗ ಎಳೆದು ನೋಡಿದಳು. ಆಮೇಲೆ, "ಹೋದ್ರ ಅಪ್ಪ ಬಿಡಂಗಿಲ್ರಿ ಅಕ್ಕಾ. ವರ ನೋಡ್ಯಾನ," ಅಂದಳು.

"ಟ್ರಂಕ್ ಅಲ್ಲೇ ಇಡು. ಉಳ್ಳಾಗಡ್ಡಿ ಹೆಚ್ಚು ಬಾ."

ಅವಳ ಗಂಟಿನ ನಡುವೆ ಒಂದಿಷ್ಟು ರೊಟ್ಟಿ ನೆನೆಯದೆ ಉಳಿದಿದ್ದವು. ಅವನ್ನು ದೊಡ್ಡ ಪರಾತಕ್ಕೆ ಹಾಕಿದೆ. ಒಳಗಿನ ಗಂಟುಗಳನ್ನೂ ಬಿಚ್ಚಿ ಅದರಲ್ಲೇ ಸುರಿದು, ಎಲ್ಲರ ಕಣ್ಣೆದುರಿಗೇ ಮುರಿಯತೊಡಗಿದೆ.

ಕಮಲಾ ಓಡಿ ಬಂದಳು. "ಅವು ನಮ್ಮವ್ವ ಬಡದ ರೊಟ್ಟಿ ಅದಾವು!"

"ಹಂಗಾರ ನಿಮ್ಮವ್ವನ್ವು ಯಾವ್ವು, ಆರಿಸಿ ತಗೋ."

ಬಗ್ಗಿ ನೋಡಿದಳು. ಜೋಳದ ಚೂರು, ಎಲ್ಲವೂ ಒಂದೇ ಬಣ್ಣ.

ವಾರ್ಡನ್ ಬಾಯಿ ಹೆದರಿದರು. "ಇವರ ಮನಿಯವರು ಬಂದ ಕೇಳಿದ್ರ ಏನ್ ಹೇಳ್ಲಿ?"

"ಅಡಗಿಯಾಕಿಗಿ ತಲಿ ಕೆಟ್ಟೈತಿ ಅನ್ರಿ."

ಚೂರಿಗೆ ನೀರು ಚಿಮುಕಿಸಿ ಒಗ್ಗರಣೆ ಕೊಟ್ಟೆ. ವಾಸನೆ ಹೊರಗೆ ಹೋಯಿತು, ತಟ್ಟೆ ಒಳಗೆ ಬಂದವು. ಕಮಲಾ ಗೋಡೆಗೆ ಮುಖ ಮಾಡಿ ಕುಳಿತವಳು ತಿನ್ನದೆ ಹಾಗೇ ಶಾಲೆಗೆ ಹೋದಳು. ಮಧ್ಯಾಹ್ನ ಬಂದು, ಉಳಿದದ್ದನ್ನು ತಾನೇ ಬಡಿಸಿಕೊಂಡು ತಿಂದಳು.

"ಖಾರ ಕಡಿಮಿ ಆಗೈತಿ."

"ನಾಳಿಂದ ದುರ್ಗವ್ವನ ಕೂಡ ನೀನೂ ಖಾರ ಕುಟ್ಟು."

ಸಂಜೆ ದುರ್ಗವ್ವ ಟ್ರಂಕಿನ ಬೀಗ ತೆಗೆದಳು. ಆ ವರ್ಷ ಪಾಸೂ ಆದಳು.

ಊಟ, ಜಾತಿ, ನ್ಯಾಯ ಎಂದು ಈಗ ಒಳ್ಳೆಯ ಪುಸ್ತಕಗಳು ಬರುತ್ತಿವೆ; ಮೊಮ್ಮಗಳು ಓದಿ ಹೇಳುತ್ತಾಳೆ. ರೊಟ್ಟಿ ಬಡಿಯುವುದು ಹೇಗೆಂದು ಬರೆಯುವವರು, ಯಾರ ಗಂಟು ಎಲ್ಲಿ ತೂಗುತ್ತಿತ್ತು ಎಂಬುದನ್ನೂ ಬರೆಯಲಿ. ನನಗೆ ಒಲೆ ಕಲಿಸಿದ್ದು ಇಷ್ಟೇ: ಹಸಿದವರಿಗೆ ಬುದ್ಧಿ ಹೇಳುತ್ತ ಕೂರಬಾರದು, ಎಲ್ಲರ ಪಾತ್ರೆ ಒಂದು ಮಾಡಬೇಕು.

ಅಂದು ರೊಟ್ಟಿ ಮುರಿದ ಮರುದಿನ ಬೆಳಿಗ್ಗೆ ಬಂದವಳೇ ಹೊರಗಿನ ಆ ಗೂಟವನ್ನು ಗುಂಡುಕಲ್ಲಿನಿಂದ ಹೊಡೆದು ಕಿತ್ತು ಒಲೆಗೆ ಹಾಕಿದೆ. ಮಳೆಗೆ ನೆನೆದಿತ್ತು, ಸ್ವಲ್ಪ ಹೊತ್ತು ಹೊಗೆಯಾಡಿತು. ಆಮೇಲೆ ಹತ್ತಿಕೊಂಡಿತು. ಅದರ ಮೇಲೆ ಬೇಳೆ ಇಟ್ಟೆ.