ಡಾಕ್ಟರು ಹೇಳಿದ್ದೇ ಬೇರೆ

೧೯೭೬ರಲ್ಲಿ, ಒಂಬತ್ತನೇ ಕ್ಲಾಸಿನ ನಡುವೆಯೇ ನಾನು ಓದು ನಿಲ್ಲಿಸಿದೆ. ಅದೇನು ಪಾಪವಲ್ಲ. ಆದರೆ ಅದನ್ನು ಮುಚ್ಚಿಡಲು ಹೋಗಿ, ನನಗೆ ಹಾಡು ಕಲಿಸಿದ ಮನುಷ್ಯನ ದನಿಯನ್ನೇ ಹಾಳುಮಾಡಿದೆ. ಇಷ್ಟು ವರ್ಷ ಆ ತಪ್ಪನ್ನು ಬೇರೆಯವರ ತಲೆಗೆ ಕಟ್ಟಿ, ಎದೆಯುಬ್ಬಿಸಿಕೊಂಡು ಓಡಾಡಿದ್ದೇನೆ.

ಅಟ್ಲಾಂಟಾ ಕಡೆಯ ಕನ್ನಡದವರಲ್ಲಿ ಕೆಲವರಿಗೆ ನನ್ನ ಗುರುತಿದೆ. ಬೆಳ್ಳಿ ಗುಂಡಿಯ ಕರಿ ಸೂಟು, ಅಗಲ ಟೋಪಿ ಹಾಕಿಕೊಂಡು, ಮೆಕ್ಸಿಕೋದವರ ಮದುವೆ, ಹಬ್ಬಗಳಲ್ಲಿ ಅವರ ಹಳೆಯ ಹಾಡುಗಳನ್ನು ಹಾಡುವ ಮೈಸೂರಿನ ನಾಗರಾಜ — ಅದು ನಾನು. ಈ ದೇಶಕ್ಕೆ ಬಂದದ್ದು ಅಡುಗೆಯವನಾಗಿ. ಕರೆಸಿಕೊಂಡ ಹೋಟೆಲು ಬಾಗಿಲು ಹಾಕಿತು. ನಾರ್‌ಕ್ರಾಸ್‌ನ ಒಂದು ಮೆಕ್ಸಿಕನ್ ಹೋಟೆಲಿನಲ್ಲಿ ಪಾತ್ರೆ ತೊಳೆಯಲು ನಿಂತೆ. ಆಚೆ ಮರಿಯಾಚಿ ಮೇಳ ಹಾಡುತ್ತಿದ್ದರೆ, ಒಳಗೆ ನಾನು ದನಿಗೂಡಿಸುತ್ತಿದ್ದೆ. ಒಂದು ದಿನ ಮೇಳದ ಹಾಡುಗಾರ ಅರ್ನೆಸ್ತೊ ಸೀದಾ ಅಡುಗೆಮನೆಗೇ ನುಗ್ಗಿ ಬಂದರು.

"ಈ ಹಾಡು ನಿನಗೆ ಹೇಗಯ್ಯಾ ಗೊತ್ತು?"

"ಗೊತ್ತಿಲ್ಲ ಮಾಯೆಸ್ತ್ರೊ. ಕೇಳಿಸ್ತು, ಹಾಡಿದೆ."

ಅವರಲ್ಲಿ ಗುರುವನ್ನು ಹಾಗೆ ಕರೆಯುತ್ತಾರೆ. ಅಂದಿನಿಂದ ಅವರು ಗುರುವೇ ಆದರು. ಮೈಸೂರಿನ ಆರ್ಕೆಸ್ಟ್ರಾದಲ್ಲಿ ಹಿಂದಿ, ತಮಿಳು ಹಾಡುಗಳನ್ನು ಕನ್ನಡ ಅಕ್ಷರದಲ್ಲಿ ಬರೆದುಕೊಂಡು, ಅರ್ಥ ತಿಳಿಯದೆಯೇ ಚಪ್ಪಾಳೆ ಗಿಟ್ಟಿಸಿದವನು ನಾನು. ಸ್ಪ್ಯಾನಿಷ್ ಹಾಡುಗಳನ್ನೂ ಹಾಗೇ ಕಲಿತೆ. ಮಾತು ಅಡುಗೆಮನೆಯಲ್ಲಿ ತಾನಾಗಿ ಬಂತು. ಅರ್ನೆಸ್ತೊ ನನ್ನ ಅಂಗೈಯನ್ನು ತಮ್ಮ ಹೊಟ್ಟೆಯ ಮೇಲಿಟ್ಟುಕೊಂಡು, ಉಸಿರು ಎಲ್ಲಿಂದ ಏಳಬೇಕು ಅಂತ ತೋರಿಸುತ್ತಿದ್ದರು. ನಾಗರಾಜ ಎನ್ನಲು ಬಾರದೆ ನಾಚೊ ಎಂದರು. ಕೊನೆಗೆ ಮೇಳದ ಎರಡನೇ ದನಿ ನಾನಾದೆ. ಷಾರ್ಲೆಟ್, ಗ್ರೀನ್‌ವಿಲ್, ಒಮ್ಮೊಮ್ಮೆ ಸ್ಟರ್ಲಿಂಗ್‌ವರೆಗೂ ವ್ಯಾನಿನಲ್ಲಿ ಹೋಗುತ್ತಿದ್ದೆವು.

"ಇಂಡಿಯಾದವರೆಲ್ಲ ಡಾಕ್ಟರು, ಇಂಜಿನಿಯರು. ನೀನೊಬ್ಬ ಹೇಗಯ್ಯಾ ತಪ್ಪಿಸಿಕೊಂಡೆ?" ಅಂತ ಮೇಳದವರು ಒಮ್ಮೆ ಕಿಚಾಯಿಸಿದಾಗ, "ನಾನೂ ಬಿ.ಎಸ್ಸಿ.ನೇ. ಹಾಡಿನ ಹುಚ್ಚಿಗೆ ಎಲ್ಲ ಬಿಟ್ಟೆ" ಅಂದುಬಿಟ್ಟಿದ್ದೆ. ಬಾಯಿಂದ ಜಾರಿದ ಮಾತು. ಅಂದಿನಿಂದ, ಅವರಾರಿಗೂ ಬಾರದ ಇಂಗ್ಲಿಷಿನ ಕೆಲಸವೆಲ್ಲ ನನ್ನ ಪಾಲಿಗೆ ಬಂತು. ಗೊತ್ತಿದ್ದ ನಾಲ್ಕು ಮಾತಿನಲ್ಲಿ ಹೇಗೋ ನಿಭಾಯಿಸುತ್ತಿದ್ದೆ. ಗೊತ್ತಿಲ್ಲದ್ದಕ್ಕೆಲ್ಲ "ಯೆಸ್ ಸರ್".

೧೯೯೪ರ ಚಳಿಗಾಲದಲ್ಲಿ ಅರ್ನೆಸ್ತೊ ಅವರ ಮೇಲಿನ ಸ್ವರಕ್ಕೆ ಮರಳು ಸಿಕ್ಕಿಕೊಂಡ ಹಾಗಾಯಿತು. ಆಮೇಲೆ ನೀರು ನುಂಗುವಾಗಲೂ ಮುಖ ಕಿವುಚತೊಡಗಿದರು. ಕೆಮ್ಮಿ, ಕರ್ಚೀಫು ನೋಡಿ, ಬೇಗ ಮಡಚಿ ಜೇಬಿಗಿಡುತ್ತಿದ್ದರು — ಏನು ಕಂಡರೋ, ಹೇಳುತ್ತಿರಲಿಲ್ಲ. ಏಪ್ರಿಲ್‌ನಲ್ಲಿ ನಾನೇ ಡುಲುತ್‌ನ ಒಂದು ಕ್ಲಿನಿಕ್ಕಿಗೆ ಕರೆದುಕೊಂಡು ಹೋದೆ.

ಡಾಕ್ಟರು ಗಂಟಲಿಗೆ ಬೆಳಕು ಬಿಟ್ಟು ನೋಡಿದರು. ತುಂಬಾ ಹೊತ್ತು ನೋಡಿದರು. ಆಮೇಲೆ ಕುರ್ಚಿಯನ್ನು ನನ್ನ ಕಡೆಗೆ ತಿರುಗಿಸಿಕೊಂಡು, ತಗ್ಗಿದ ದನಿಯಲ್ಲಿ ಉದ್ದಕ್ಕೆ ಏನೋ ಹೇಳಿದರು. ಬಯಾಪ್ಸಿ ಎನ್ನುವುದು ಮತ್ತೆ ಮತ್ತೆ ಬಂತು. ಆ ಪದವನ್ನು ನಾನು ಅದುವರೆಗೆ ಕೇಳಿಯೇ ಇರಲಿಲ್ಲ.

"ಡು ಯು ಅಂಡರ್‌ಸ್ಟ್ಯಾಂಡ್?"

"ಯೆಸ್ ಸರ್."

"ಆರ್ ಯು ಶೂರ್?"

ಆಗಲಾದರೂ — ಒಂದು ಸಲ ತಲೆಯಾಡಿಸಿ ಇಲ್ಲ ಅಂದಿದ್ದರೆ — ಆದರೆ ಪಕ್ಕದಲ್ಲಿ ಅರ್ನೆಸ್ತೊ ಕೂತಿದ್ದರು, ನನ್ನನ್ನೇ ಹೆಮ್ಮೆಯಿಂದ ನೋಡುತ್ತ. "ಯೆಸ್ ಸರ್" ಅಂದೆ. ಮಾತು ಅರ್ಥವಾಗಿರಲಿಲ್ಲ, ನಿಜ. ಡಾಕ್ಟರ ಮುಖ ಅರ್ಥವಾಗಿತ್ತು.

"ಏನಂತೆ, ನಾಚೊ?"

"ಊತ ಅಷ್ಟೇ ಮಾಯೆಸ್ತ್ರೊ. ಬಿಸಿನೀರು ಕುಡೀಬೇಕಂತೆ. ಸ್ವಲ್ಪ ಕಮ್ಮಿ ಹಾಡ್ಬೇಕಂತೆ."

ಅವರು ನಕ್ಕು ನನ್ನ ಬೆನ್ನು ತಟ್ಟಿದರು. "ನೋಡಿದೆಯಾ, ನನ್ನ ಹೆಂಡತಿ ಸುಮ್ಮನೆ ಹೆದರಿಸಿಬಿಟ್ಟಿದ್ದಳು!" ಹೊರಗೆ ಕೌಂಟರಿನ ಹುಡುಗಿ ಮುಂದಿನ ಸಲ ಯಾವಾಗ ಬರುತ್ತೀರಿ ಅಂತ ಕೇಳಿದಳು. ಅದು ನನಗೆ ಚೆನ್ನಾಗಿಯೇ ಅರ್ಥವಾಯಿತು. ಫೋನ್ ಮಾಡುತ್ತೇವೆ ಅಂದೆ. ಮಾಡಲಿಲ್ಲ.

ಮೇ ಹತ್ತು ಅವರಲ್ಲಿ ತಾಯಂದಿರ ದಿನ. ಬೆಳಕು ಹರಿಯುವ ಹೊತ್ತಿಗೆ ಕಿಟಕಿಯ ಕೆಳಗೆ ನಿಂತು ಹಾಡಿ ತಾಯಿಯನ್ನು ಎಬ್ಬಿಸಬೇಕು. ನಾರ್‌ಕ್ರಾಸ್‌ನ ಒಂದು ಅಪಾರ್ಟ್‌ಮೆಂಟಿನ ಕೆಳಗೆ, ಒಂದು ಸಾಲಿನ ನಟ್ಟನಡುವೆ, ಅರ್ನೆಸ್ತೊ ಬಾಯಿ ತೆರೆದರು — ಬರೀ ಗಾಳಿ ಬಂತು. ಪಿಟೀಲಿನವನು ಅದೇ ತುಣುಕನ್ನು ತಿರುಗಿಸಿ ತಿರುಗಿಸಿ ಬಾರಿಸಿದ. ಮೇಲೆ ಕಿಟಕಿಯಲ್ಲಿ ಮುದುಕಿಯೊಬ್ಬರು ಕಾಯುತ್ತಿದ್ದರು. ಎಲ್ಲರೂ ನನ್ನ ಕಡೆ ನೋಡಿದರು. ಅರ್ನೆಸ್ತೊ ಬಿಟ್ಟ ಕಡೆಯಿಂದ ನಾನು ಎತ್ತಿಕೊಂಡೆ. ಮುದುಕಿ ಅತ್ತುಬಿಟ್ಟರು. ನಾನು ಮುಖ್ಯ ಹಾಡುಗಾರನಾದದ್ದು ಅಲ್ಲಿ. ಎದೆ ಉಬ್ಬಿತ್ತು — ಇಲ್ಲ ಅನ್ನಲಾರೆ.

ಅಕ್ಟೋಬರ್‌ನಲ್ಲಿ ಅವರಿಗೆ ಉಸಿರೇ ಕಟ್ಟಿತು. ದೊಡ್ಡಾಸ್ಪತ್ರೆಗೆ ಸೇರಿಸಿದೆವು. ಕ್ಯಾನ್ಸರು, ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು ಅಂದರು. ಅಲ್ಲೊಬ್ಬ ನರ್ಸಮ್ಮನಿಗೆ ಸ್ಪ್ಯಾನಿಷ್ ಬರುತ್ತಿತ್ತು. "ಮೊದಲೇ ಯಾರಿಗೂ ತೋರಿಸಲಿಲ್ಲವೇ?" ಎಂದು ಕೇಳಿದಳು.

"ತೋರಿಸಿದ್ದೆ," ಅರ್ನೆಸ್ತೊ ಪಿಸುಗುಟ್ಟಿದರು. "ಊತ ಅಂದರು. ನಾಚೊ ಇದ್ದ, ಕೇಳಿ."

ನರ್ಸಮ್ಮ ನನ್ನ ಕಡೆ ತಿರುಗಿದಳು. ಅಲ್ಲಿ ಪ್ರತಿಯೊಂದು ಮಾತೂ ನನಗೆ ಅರ್ಥವಾಗಿತ್ತು.

"ಹೌದು," ಅಂದೆ. "ಆ ಡಾಕ್ಟರು ಹಾಗೇ ಹೇಳಿದ್ದು."

ಮೊದಲನೆಯದಕ್ಕೆ ಜಂಬ ಕಾರಣ ಅನ್ನಬಹುದೇನೋ. ಇದಕ್ಕೆ ಏನನ್ನಲಿ —

ಅರ್ನೆಸ್ತೊ ಬದುಕಿದ್ದಾರೆ. ಉಸಿರಾಟಕ್ಕೆಂದು ಗಂಟಲಲ್ಲಿ ಕೊರೆದ ತೂತಿಗೆ ಬಿಳಿ ಬಟ್ಟೆ ಕಟ್ಟಿಕೊಳ್ಳುತ್ತಾರೆ. ಅವರ ಹೆಂಡತಿ ಇವತ್ತಿಗೂ ಆ ಡಾಕ್ಟರಿಗೆ ಹಿಡಿಶಾಪ ಹಾಕುತ್ತಲೇ ನನ್ನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕುತ್ತಾರೆ: "ನೀನೊಬ್ಬನೇ ಕಣಪ್ಪಾ ಅವತ್ತು ಜೊತೆಗಿದ್ದವನು." ಹತ್ತಿರದಲ್ಲಿ ಎಲ್ಲಿ ನನ್ನ ಹಾಡಿದ್ದರೂ ಅರ್ನೆಸ್ತೊ ಬಂದು ಮುಂದಿನ ಸಾಲಿನಲ್ಲಿ ಕೂರುತ್ತಾರೆ. ಮುಗಿದ ಮೇಲೆ ನನ್ನ ಅಂಗೈ ಹಿಡಿದು ತಮ್ಮ ಹೊಟ್ಟೆಯ ಮೇಲಿಡುತ್ತಾರೆ. ಉಸಿರು ಮೊದಲಿನಂತೆಯೇ ಅಲ್ಲಿಂದ ಏಳುತ್ತದೆ. ಮೇಲೆ ಬಂದು ಬಟ್ಟೆಯನ್ನು ಅಲುಗಿಸಿ ಹೋಗುತ್ತದೆ. ನಾನು ಕೈ ತೆಗೆಯುವಂತಿಲ್ಲ.

ಅವರಿಗೆ ಕನ್ನಡ ಬಾರದು. ಅದಕ್ಕೇ ಇಲ್ಲಿ ಇಷ್ಟು ಧೈರ್ಯ ಬಂತೇನೋ. ಆದರೆ ಪ್ರತಿ ಹಾಡನ್ನೂ ಮೊದಲು ಕನ್ನಡ ಅಕ್ಷರದಲ್ಲಿ ಬರೆದುಕೊಂಡು, ಆಮೇಲೆ ಅವರೆದುರು ಹೇಳಿ ಒಪ್ಪಿಸಿದವನು ನಾನು. ಇದನ್ನೂ ಬರೆದಾಯಿತು. ಭಾನುವಾರ ಅವರ ಮನೆಗೆ ಹೋಗುತ್ತೇನೆ. ಅವರ ಹೆಂಡತಿಯೂ ಇರುತ್ತಾರೆ. ಇರಲಿ.

ಸದ್ಯಕ್ಕೆ ನನ್ನ ಹತ್ತಿರ ಇರುವುದು ಒಂದು ವ್ಯಾನು. ಎರಡು ಕರಿ ಸೂಟು — ಒಂದು ನಾನು ಹೊಲಿಸಿದ್ದು, ಒಂದು ಅವರು ಬಿಚ್ಚಿಕೊಟ್ಟದ್ದು. ಒಂದು ಟೋಪಿ. ನೂರಕ್ಕೂ ಮೇಲೆ ಹಾಡು, ಎಲ್ಲವೂ ಅವರು ಕಲಿಸಿದ್ದು. ಒಂದು ದನಿ.