ಅರ್ಧ ಚಾರ್ಜು

ಸಂಜಯನಗರದ ನಮ್ಮ ಗೇಮಿಂಗ್ ಅಂಗಡಿಯನ್ನು ರಿಪೇರಿಗೆಂದು ಕೆಲವು ತಿಂಗಳು ಮುಚ್ಚುವವರಿದ್ದರು. ನಾನು ಕೈಯಲ್ಲಿ ಹಿಡಿದು ಗೇಮ್ ಆಡುವ ಕಂಟ್ರೋಲರ್‌ಗಳನ್ನೆಲ್ಲ ಅರ್ಧ ಚಾರ್ಜಿಗೇ ನಿಲ್ಲಿಸಿ ಡಬ್ಬಕ್ಕೆ ಹಾಕುತ್ತಿದ್ದೆ. ಮಾಲೀಕರಾದ ಗೌಡ್ರು ಬಂದು ನೋಡಿದರು.

"ಏನಯ್ಯಾ ಇಂಗೆ? ಬಾಗ್ಲು ಆಕೋ ಮುಂಚೆ ಎಲ್ಲಾ ತುಂಬಿಸಿಡ್ಬೇಕು. ನಮ್ಮನೇಲಿ ಅಕ್ಕಿ ಡಬ್ಬಾನೂ ಅರ್ಧ ಬಿಡಲ್ಲ."

"ಅದು ಅಕ್ಕಿ ಗೌಡ್ರೇ, ಇದು ಬ್ಯಾಟ್ರಿ. ತುಂಬಿಸಿಟ್ರೆ ಸೊರಗುತ್ತೆ, ಖಾಲಿ ಇಟ್ರೆ ಸತ್ತೇ ಹೋಗುತ್ತೆ."

"ನಾನ್ ಏಳ್ದಂಗೆ ಮಾಡು. ಇಲ್ಲಾಂದ್ರೆ ಅಂಗಡಿ ತೆಗೆದಾಗ ನೀನ್ ಬರ್ಬೇಡ."

"ಹೊಟ್ಟೆ ಬಿರಿಯೋ ಹಂಗೆ ತಿಂದು ಮಲಗಿದ್ರೆ ನಿಮಗೆ ಎದೆ ಉರಿ ಬರಲ್ವಾ? ಇವಕ್ಕೂ ಅಷ್ಟೇ. ನಾನಂತೂ ತುಂಬಿಸಲ್ಲ," ಅಂತ ಅವರೆದುರೇ ಡಬ್ಬ ಮುಚ್ಚಿ ಸುತ್ತಲೂ ಟೇಪ್ ಅಂಟಿಸಿದೆ.

ಗೌಡ್ರು ದುರುಗುಟ್ಟಿ ನೋಡಿದರು. ಆಮೇಲೆ ದೇವರ ಫೋಟೋ ಹತ್ತಿರವಿದ್ದ ಕುಂಕುಮ ತಂದು ಡಬ್ಬಕ್ಕೆ ಹಚ್ಚಿದರು. ಹಚ್ಚಲಿ ಬಿಡಿ, ಮುಚ್ಚಳದ ಮೇಲೆ ತಾನೇ, ಒಳಗಿನ ಚಾರ್ಜು ಅರ್ಧವೇ!