ಮಸ್ಕಿಯಲ್ಲಿ ಒಡೆಯದ ತೆಂಗಿನಕಾಯಿ

ಮಕ್ಕಳೇ, ಸುಮಾ, ಬಸು, ಲಿಂಗಸುಗೂರಿನ ಬಸ್ಸಿಗಾಗಿ ಮಸ್ಕಿಯಲ್ಲಿ ಕಾಯುತ್ತಾ ಇದನ್ನು ಬರೆಯುತ್ತಿದ್ದೇನೆ. ಗುಡ್ಡ ಹತ್ತಲು ಹೊರಟ ಸಿಂಧನೂರಿನ ಸೈಕಲ್ ಗುಂಪು ಇಲ್ಲಿ ಚಹಾಕ್ಕೆ ನಿಂತಿತ್ತು. ಹೊಸ ಸೈಕಲ್ಲಿನ ಹುಡುಗಿಯೊಬ್ಬಳು ಬಂದು ನನ್ನ ಕೈಯಲ್ಲಿ ತೆಂಗಿನಕಾಯಿ ಇಟ್ಟಳು.

"ಯವ್ವಾ, ಹಿರೇರು ನೀವ. ಗಾಲಿ ಮುಂದ ಒಡದು ಕಳಸ್ರಿ."

"ನಾ ಗಂಡ ಇಲ್ಲದಾಕಿ, ತಂಗಿ. ಮುತ್ತೈದಿ ಕೈಲೆ ಒಡಸು."

"ಸೈಕಲ್ಲಿಗೆ ಅದೇನ್ ತಿಳೀತೈತ್ರಿ? ನನಗ ನೀವ ಬೇಕು."

ಗುಂಪೆಲ್ಲ ನಕ್ಕು ನನ್ನತ್ತ ನೋಡಿತು. ನಾಚಿ ಕಾಯಿ ವಾಪಸ್ ಕೊಟ್ಟುಬಿಟ್ಟೆ. ಅವಳು ಬೇರೆ ಯಾರನ್ನೂ ಕೇಳಲಿಲ್ಲ. ಒಡೆಯದ ಕಾಯಿಯನ್ನು ಬೆನ್ನಿನ ಚೀಲಕ್ಕೆ ಹಾಕಿಕೊಂಡು ಹೊರಟಳು. ಕೂಗಿ ಕರೆಯಬೇಕೆಂದು ಎದ್ದೆ, ಮತ್ತೆ ಕೂತುಬಿಟ್ಟೆ.

ಈ ಹಾಳೆಗಳನ್ನು ಜೋಪಾನವಾಗಿಡಿ. ನೀವು ಹೊಸ ಸೈಕಲ್ ತಂದ ದಿನ ನಾನು ಮತ್ತೆ ಹಿಂಜರಿದರೆ, ನನ್ನೆದುರಿಗೇ ಓದಿ.